ಲಡಾಖಿನಲ್ಲಿ ಮಲಗಲು ಚನ್ನರಾಯಪಟ್ಟಣದಲ್ಲಿ ತಾಲೀಮು

ಶ್ರೀಯುತ ವಿಶ್ರಾಂತಿ ದಿನದವರಿಗೆ,
ನಾಲ್ಕನೆಯ ಮತ್ತು ಐದನೆಯ ಸಾಲು, ಪ್ರವಾಸದ ಪಟ್ಟಿ,
ಲೇಹ್, ಲಡಾಖ್.

ಮಾನ್ಯರೇ,

ತಮ್ಮನ್ನು ಮುಖತಃ ಕಂಡ ಪುಣ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲದಿದ್ದರೂ, ಹಾಸನದ ಬಸ್ ಸ್ಟ್ಯಾಂಡಿನ ಹಿಂದಿರುವ ಪ್ರವಾಸದ ಆಫೀಸಿನವರು ಟೈಪು ಮಾಡಿಕೊಟ್ಟ ಎಂಟು ದಿನಗಳ ಪಟ್ಟಿಯಲ್ಲಿ ತಮ್ಮ ಹೆಸರನ್ನು ಎರಡೆರಡು ಸಲ ಓದುವ ಯೋಗ ಒದಗಿದ್ದರಿಂದ, ತಾವು ಈಗಲೂ ಎಲ್ಲೋ ಹಾಯಾಗಿ ಒರಗಿಕೊಂಡೇ ಇರುವಿರೆಂದು ನಂಬಿ, ನಮಗಾಗಿ ಎದ್ದು ಕೂರುವ ತೊಂದರೆ ತೆಗೆದುಕೊಳ್ಳಬಾರದೆಂದು ಮೊದಲೇ ಕೈಮುಗಿದು, ಈ ದೂರನ್ನು ತಮ್ಮ ದಿಂಬಿನ ಪಕ್ಕದಲ್ಲಿ ಇಡುತ್ತಿದ್ದೇನೆ.

ಹಿನ್ನೆಲೆ ಹೀಗಿದೆ. ನಮ್ಮವ್ವ ಮುದ್ದಮ್ಮನಿಗೆ ಅರವತ್ತಾರು ವರ್ಷ. ಮೊದಲ ಇಪ್ಪತ್ತು ವರ್ಷ ಕಂಡವರ ಗದ್ದೆಯಲ್ಲಿ ನಾಟಿ, ಆಮೇಲೆ ಹಾಸ್ಟೆಲೊಂದರ ಎಂಬತ್ತು ಹುಡುಗರಿಗೆ ಅಡುಗೆ, ನಿವೃತ್ತಿಯಾದ ಮೇಲೆ ನಾವು. ಇಷ್ಟು ಕಾಲದಲ್ಲಿ ಅವಳು ತನಗೆಂದು ಏನನ್ನಾದರೂ ಕೇಳಿದ್ದು ಮನೆಯಲ್ಲಿ ಯಾರ ನೆನಪಿನಲ್ಲೂ ಇಲ್ಲ. ಹಾಗಿರುವಾಗ, ಹೋದ ಬುದ್ಧಪೂರ್ಣಿಮೆಯ ದಿನ ಟಿವಿಯಲ್ಲಿ ಲಡಾಖಿನ ಗೊಂಪ, ಅಂದರೆ ಒಂದು ಮರವೂ ಇಲ್ಲದ ಬೆಟ್ಟದ ನೆತ್ತಿಗೆ ಅಂಟಿಕೊಂಡ ಬಿಳಿಯ ವಿಹಾರವೊಂದು ಕಾಣಿಸಿದಾಗ, ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, “ಅಲ್ಲಿ ಕುಂತಿರೋ ಬುದ್ಧನ್ನ ಒಂದ್ಸಲ ನೋಡ್ಬೇಕು ಕಣ್ಲಾ” ಎಂದಳು. ಅಷ್ಟೇ. ಮತ್ತೆ ಬೆಳ್ಳುಳ್ಳಿ. ಆದರೆ ಅವ್ವ ಏನೋ ಕೇಳಿದಳೆಂಬ ಸುದ್ದಿ ಅಂದು ಸಂಜೆಯೊಳಗೆ ಹಿರೀಸಾವೆ ಮುಟ್ಟಿತು.

ಹಿರೀಸಾವೆಯಲ್ಲಿ ಅವ್ವನ ತಮ್ಮ, ನಮ್ಮ ಸೋದರಮಾವ ಹುಚ್ಚಯ್ಯನವರಿದ್ದಾರೆ. ಪ್ರವಾಸದ ವಿಷಯದಲ್ಲಿ ಅವರ ಮಾತೇ ಕೊನೆ. ನಾಗಪುರದ ದೀಕ್ಷಾಭೂಮಿಗೆಂದು ಟೆಂಪೊ ಟ್ರಾವೆಲರಿನಲ್ಲಿ ಹೊರಟ ಹದಿಮೂರು ಜನ ನೆಂಟರಿಗೆ ಐದು ದಿನದಲ್ಲಿ ಹದಿನಾಲ್ಕು ಸ್ಥಳ ಮುಗಿಸಿಕೊಟ್ಟವರು ಅವರು. ಬಿಜಾಪುರದ ಗೋಳಗುಮ್ಮಟವನ್ನು ಹದಿನೇಳು ನಿಮಿಷದಲ್ಲಿ ತೋರಿಸಿದರು, ನಾವು ಕೂಗಿದ್ದು ಪ್ರತಿಧ್ವನಿಯಾಗಿ ವಾಪಸು ಬರುವಷ್ಟರಲ್ಲಿ ಗಾಡಿ ಹತ್ತಿಯಾಗಿತ್ತು. ಅಂಥವರು ಬರೀ ಲಡಾಖಿಗೆ ಒಪ್ಪುತ್ತಾರೆಯೇ? “ಅಷ್ಟು ದೂರ ಓದ್ಮೇಲೆ ಡೆಲ್ಲಿ ನೋಡ್ದೆ ಬರಾಕಾಯ್ತದೇನ್ಲಾ?” ಎಂದರು. ಶಾಂತಿಗ್ರಾಮದ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಶೋಭಿತಾ ದೆಹಲಿಯ ಬಜಾರುಗಳ ಪರವಾಗಿ ಮಾತಾಡಿದಳು. ಹೀಗೆ ಅವ್ವನ ಒಂದು ಬೆಟ್ಟಕ್ಕೆ ಒಂದು ರಾಜಧಾನಿ ಗಂಟುಬಿತ್ತು.

ಜೂನ್ ತಿಂಗಳ ದೆಹಲಿಯಲ್ಲಿ ನಲವತ್ತಮೂರು ಡಿಗ್ರಿ ಬಿಸಿಲಿನಲ್ಲಿ ಬೆಂದು, ಮಾರನೆಯ ಬೆಳಿಗ್ಗೆ ವಿಮಾನದಲ್ಲಿ ಒಂದೂವರೆ ಗಂಟೆ ಕೂತು, ಹನ್ನೊಂದೂವರೆ ಸಾವಿರ ಅಡಿ ಎತ್ತರದಲ್ಲಿ ಸ್ವೆಟರು ಹಾಕಿಕೊಂಡು ಇಳಿಯುವುದು ಮನುಷ್ಯರ ಮೈಗೆ ಒಗ್ಗುತ್ತದೆಯೇ ಎಂದು ನಾನು ಅಳುಕುತ್ತಾ ಕೇಳಿದ್ದುಂಟು. ಮಾವ ನಕ್ಕರು. “ಬಡವರ ಊಟಿ ಕಣ್ಲಾ ನಮ್ಮ ಆಸನ. ಉಟ್ಟಿದ್ದೇ ಮೂರು ಸಾವಿರ ಅಡಿ ಮ್ಯಾಲೆ. ನಮ್ಗೆ ಎತ್ತರ ಏಳ್ಕೊಡಾಕೆ ಬತ್ತಾರಾ?” ದೆಹಲಿ ನಮ್ಮ ಚನ್ನರಾಯಪಟ್ಟಣಕ್ಕಿಂತ ಎರಡು ಸಾವಿರ ಅಡಿ ತಗ್ಗಿನಲ್ಲಿದೆಯೆಂದು ಫೋನಿನಲ್ಲಿ ನೋಡಿ ಹೇಳಿದಾಗಂತೂ ಅವರಿಗೆ ದೇಶದ ಆಡಳಿತದ ಬಗ್ಗೆ ಇದ್ದ ಎಷ್ಟೋ ಸಂದೇಹಗಳು ಅಲ್ಲೇ ಪರಿಹಾರವಾದವು. ತರಬೇತಿಗೆಂದು ಸತತ ಮೂರು ಭಾನುವಾರ ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಇಳಿದು, ಮಾವ ತಾವು ಹಿಮಾಲಯಕ್ಕೆ ಸಿದ್ಧರೆಂದು ಘೋಷಿಸಿಯೂ ಬಿಟ್ಟರು.

ಮಾನ್ಯರೇ, ಇಂಥ ಸಿದ್ಧತೆಯ ನಡುವೆ ತಮ್ಮ ಪ್ರವೇಶವಾಯಿತು. ಪಟ್ಟಿಯ ಮೊದಲ ಮೂರು ದಿನಗಳ ಮುಂದೆ ಕೆಂಪುಕೋಟೆ, ಕುತುಬ್ ಮಿನಾರು, ಬಜಾರು ಎಂದೆಲ್ಲ ತುಂಬಿ ತುಳುಕುತ್ತಿದ್ದರೆ, ನಾಲ್ಕನೆಯ ದಿನ ‘ಲೇಹ್: ವಿಶ್ರಾಂತಿ’, ಐದನೆಯ ದಿನ ಮತ್ತೆ ‘ವಿಶ್ರಾಂತಿ’. ಮುಂದೆ ಖಾಲಿ ಜಾಗ. ಮಾವ ಹಾಳೆಯನ್ನು ತಿರುವಿ ಹಿಂದುಗಡೆಯೂ ನೋಡಿದರು. ಮಲಗುವುದಕ್ಕೆ ಲಡಾಖ್ ಏಕೆ, ಹಿರೀಸಾವೆಯ ಮನೆಯ ಪಡಸಾಲೆ ಇಲ್ಲವೇ, “ಫ್ಯಾನೂ ಆಕ್ಸಿವ್ನಿ” ಎಂದು ಕೇಳಿದರು. ಆಮೇಲೆ ಪೆನ್ನು ತೆಗೆದು, ತಮ್ಮ ಖಾಲಿ ಜಾಗದಲ್ಲಿ ಬೆಳಿಗ್ಗೆ ಒಂದು ಗೊಂಪ, ಮಧ್ಯಾಹ್ನ ಒಂದು, ಊಟವಾದ ಮೇಲೆ ಎರಡು ಎಂದು ತುಂಬಿಸಿ, ತಮ್ಮನ್ನು ಎರಡು ಸಾಲುಗಳಿಂದಲೂ ಒಕ್ಕಲೆಬ್ಬಿಸಿದರು.

ಆಗ ಅಡ್ಡ ಬಂದವಳು ನನ್ನ ತಂಗಿ ಸಂಘಮಿತ್ರಾ. ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವ್ವನ ಬಿಪಿ ಚೀಟಿ ಹಿಡಿದು ಅಲ್ಲಿನ ಡಾಕ್ಟರನ್ನು ಕೇಳಿ ಬಂದಿದ್ದಳು. ಅವರು ಹೇಳಿದ್ದು ಸರಳ: ಇಳಿದ ಮೇಲೆ ಎರಡು ಪೂರ್ತಿ ದಿನ ಏನನ್ನೂ ಎತ್ತಬಾರದು, ಹತ್ತಬಾರದು, ಓಡಾಡಬಾರದು, ಮೈ ಆ ಗಾಳಿಗೆ ಹೊಂದಿಕೊಳ್ಳಬೇಕು, ಇಲ್ಲವಾದರೆ ತಲೆನೋವಿನಲ್ಲಿ ಶುರುವಾದದ್ದು ಎಲ್ಲಿ ಮುಟ್ಟುತ್ತದೋ ಹೇಳಲಾಗದು, ಸುಮ್ಮನಿರಲು ಬಾರದವರನ್ನು ಕರೆದುಕೊಂಡು ಹೋಗಲೇಬೇಡಿ. ಮಾವನ ಗೊಂಪಗಳನ್ನೆಲ್ಲ ಒಂದೇ ಗೀಟಿನಲ್ಲಿ ಹೊಡೆದುಹಾಕಿ ಸಂಘಮಿತ್ರಾ ಹೇಳಿದಳು: “ಒಂದ್ ದಿನ ಅವ್ವ ಇಲ್ಲಿ ಮಲಗ್ಲಿ, ನೋಡಾನ. ಮಲಗಿದ್ರೆ ಟಿಕೆಟು. ಇಲ್ದಿದ್ರೆ ಅವ್ವನ ಎಸ್ರೇ ತಗ್ದಾಕ್ತೀನಿ.”

ಅವ್ವ ಟಿವಿ ಇರುವ ಗೋಡೆಯ ಕಡೆ ಒಮ್ಮೆ ನೋಡಿ, “ಮಲಗ್ತೀನಿ ಬಿಡವ್ವ, ಅದೇನ್ ಮಾ ಕೆಲ್ಸವಾ” ಎಂದಳು.

ಮಾನ್ಯರೇ, ಹೋದ ಭಾನುವಾರ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಚನ್ನರಾಯಪಟ್ಟಣದ ನಮ್ಮ ಮನೆಯ ಹಾಲಿನಲ್ಲಿ ತಮ್ಮ ತಾಲೀಮು ನಡೆಯಿತು. ಮಂಚ ಹಾಕಿದೆವು, ಹೊಸ ಹೊದಿಕೆ ಹೊದಿಸಿದೆವು, ಸಂಘಮಿತ್ರಾ ನೋಟ್‌ಬುಕ್ಕು ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತಳು. ಅವ್ವ ಫೋಟೊಕ್ಕೆ ನಿಂತವಳ ಹಾಗೆ ನೆಟ್ಟಗೆ ಮಲಗಿಕೊಂಡಳು. ನಿಜ ಹೇಳಬೇಕೆಂದರೆ ಮಲಗಿದವಳ ತಪ್ಪು ಏನೂ ಇರಲಿಲ್ಲ.

ಎಡವಟ್ಟು ತಮ್ಮದು. ಲೇಹ್‌ನಲ್ಲಿ ತಮಗೆ ಎಷ್ಟೇ ಹೆಸರಿದ್ದರೂ ನಮ್ಮ ಬೀದಿಯಲ್ಲಿ ತಮ್ಮ ಗುರುತು ಹಿಡಿಯುವವರಿಲ್ಲ. ಇಲ್ಲಿ ಹಗಲು ಹೊತ್ತು ಹೆಂಗಸೊಬ್ಬಳು ಮಲಗಿದ್ದಾಳೆಂದರೆ ಅದಕ್ಕಿರುವುದು ಒಂದೇ ಅರ್ಥ. ಒಂಬತ್ತು ಗಂಟೆಗೆ ಎದುರು ಮನೆಯ ಲಕ್ಕಮ್ಮ ಬಾಗಿಲಲ್ಲಿ ಇಣುಕಿ, “ಅಯ್ಯೋ ಮುದ್ದಕ್ಕ, ಏನಾಯ್ತೆ? ನೆನ್ನೆ ನೀರು ಹಿಡಿಯಾಗ ಚೆನ್ನಾಗೇ ಇದ್ಯಲ್ಲ” ಎಂದರು. ಏನಿಲ್ಲವೆಂದು ಸಮಾಧಾನ ಮಾಡಹೊರಟ ಮಾವ, “ಲಡಾಖಿಗೆ ಓಗಾಕೆ ಅಂತ ಮಲಗವ್ಳೆ ಕಣವ್ವ” ಎಂದುಬಿಟ್ಟರು. ಲಡಾಖನ್ನು ಯಾವುದೋ ದೊಡ್ಡಾಸ್ಪತ್ರೆಯೆಂದು ತಿಳಿದ ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸರಸರನೆ ಹೊರಟುಹೋದರು. ಹತ್ತೂವರೆಯೊಳಗೆ ಬೀದಿಯವರು, ಮಹಿಳಾ ಸಂಘದವರು, ಹಾಸ್ಟೆಲಿನಲ್ಲಿ ಜೊತೆಗೆ ದುಡಿದ ಸಣ್ಣಕ್ಕ, ಎಲ್ಲರೂ ಎಳನೀರು, ಮೂಸಂಬಿ, ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದು ಮಂಚದ ಸುತ್ತ ಕೂತರು. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದುಂಟೇ? ಏಳಲಾಗದೆ ಮಲಗಿದ್ದಾಳೆಂದು ನೋಡಲು ಬಂದವರಿಗೆ ಅವ್ವ ಆರು ಸಲ ಎದ್ದು ಕಾಫಿ ಮಾಡಿದಳು. ಅವರೂ ಕುಡಿದು, ಪಾಪ ಸೊರಗಿದ್ದಾಳೆ ಎಂದು ಹೋದರು.

ಸಂಜೆ ಆರಕ್ಕೆ ಸಂಘಮಿತ್ರಾ ನೋಟ್‌ಬುಕ್ಕು ತೆರೆದು ನಿಂತಳು. ಅವ್ವ ಮಂಚದ ತುದಿಯಲ್ಲಿ ಕೂತು, ಫೇಲಾಗುವುದು ಗೊತ್ತಿದ್ದ ಹುಡುಗಿಯ ಹಾಗೆ ನೆಲ ನೋಡುತ್ತಿದ್ದಳು. ಆ ಮುಖ ನೋಡಿದ ಮೇಲೆ ಅವಳು ಎಷ್ಟು ಸಲ ಎದ್ದಳೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

“ಅವ್ವ ಎದ್ದಿದ್ದು ಇಪ್ಪತ್ಮೂರು ಸಲ,” ಎಂದಳು ಸಂಘಮಿತ್ರಾ. “ಕಾಫಿಗೆ ಆರು. ತನಗೋಸ್ಕರ ಒಂದು, ಬಾತ್‌ರೂಮಿಗೆ. ಮಿಕ್ಕಿದ್ದು ಹದಿನಾರು.” ಆಮೇಲೆ ಆ ಹದಿನಾರನ್ನು ಓದಿದಳು. ರಾಗಿಹಿಟ್ಟಿನ ಡಬ್ಬ ಯಾವುದು, ಹುಳಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಶುರುಮಾಡಿ ಶೋಭಿತಾ ಐದು. ಬಿಸಿನೀರು, ಎಲೆಅಡಿಕೆ, ಮತ್ತೊಮ್ಮೆ ಬಿಸಿನೀರು, ಆ ಬಿಸಿನೀರು ಆರಿಹೋಯಿತೆಂಬ ದೂರು, ಹೀಗೆ ಮಾವ ನಾಲ್ಕು. ಉಳಿದ ಏಳೂ ನನ್ನವು. ನನ್ನ ಚಾರ್ಜರು, ನನ್ನ ಟವೆಲ್ಲು, ನನ್ನ ಕನ್ನಡಕ ಮುಂತಾದ ಆರನ್ನು ಹೇಗೋ ಸಮರ್ಥಿಸಿಕೊಳ್ಳಬಹುದಿತ್ತು. ಏಳನೆಯದು ಮಧ್ಯಾಹ್ನ ಮೂರು ಗಂಟೆಯದು, ಅವ್ವನಿಗೆ ನಿಜವಾಗಿ ನಿದ್ದೆ ಹತ್ತಿದ್ದಾಗ, ಚೆನ್ನಾಗಿ ವಿಶ್ರಾಂತಿಯಾಗುತ್ತಿದೆಯೇ ಎಂದು ಕೇಳಲು ಎಬ್ಬಿಸಿದ್ದು.

ಮಾವ ಕೆಮ್ಮಿದರು, ನೀರು ಕೇಳಲಿಲ್ಲ.

ತೀರ್ಪು ಹೀಗೆ ಬಂತು. ಪಟ್ಟಿಯಿಂದ ಹೆಸರುಗಳನ್ನು ತೆಗೆಯುವುದು ನಿಜ, ಆದರೆ ಅವ್ವನದಲ್ಲ. ಮೂರು ದಿನ ಎಲ್ಲರೂ ದೆಹಲಿ ನೋಡುವುದು, ನಾಲ್ಕನೆಯ ದಿನ ಅವ್ವ ಮತ್ತು ಸಂಘಮಿತ್ರಾ ಇಬ್ಬರೇ ಮೇಲಕ್ಕೆ ಹೋಗುವುದು, ಮಾವ, ಶೋಭಿತಾ, ನಾನು ಎಂಟನೆಯ ದಿನದವರೆಗೆ ದೆಹಲಿಯ ಬಿಸಿಲಿನಲ್ಲೇ ಇರುವುದು, ಫೋನ್ ಮಾಡಬಾರದು. ನಮ್ಮ ಮತ್ತು ಅವ್ವನ ನಡುವೆ ಹತ್ತು ಸಾವಿರ ಅಡಿ ಅಂತರವಿದ್ದರೆ ಮಾತ್ರ ಅವಳ ಆರೋಗ್ಯಕ್ಕೆ ಕ್ಷೇಮವೆಂದು ತಂಗಿ ನರ್ಸಿನ ದನಿಯಲ್ಲಿ ಹೇಳಿದಳು. ಬೆಟ್ಟ ಹತ್ತಿ ಹತ್ತಿ ಅಂಗಾಲು ಒಡೆಸಿಕೊಂಡಿದ್ದ ಮಾವ, “ಅಕ್ಕ, ನೀನಾದ್ರೂ ಏಳೇ, ನಾವಿಲ್ದೆ ನೀನೆಂಗೆ ಓಗ್ತೀಯ?” ಎಂದು ಕೊನೆಯ ಮೇಲ್ಮನವಿ ಸಲ್ಲಿಸಿದರು. ಅವ್ವ ಬೇಡವೆನ್ನುತ್ತಾಳೆ, ಮಕ್ಕಳನ್ನು ಬಿಟ್ಟು ನನಗ್ಯಾತರ ಬೆಟ್ಟ ಎನ್ನುತ್ತಾಳೆ ಎಂದು ನಾನೂ ಕಾದೆ. ಅವ್ವ ತಲೆ ಎತ್ತಿ ಮಗಳನ್ನು ನೋಡಿ, “ಅಂಗೇ ಮಾಡವ್ವ” ಎಂದಳು. ಯೋಚನೆಗೆಂದು ಒಂದು ಉಸಿರಿನಷ್ಟು ಹೊತ್ತನ್ನೂ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಮೇಲೆ ಹೊರಿಸಬೇಕೆಂದಿದ್ದ ಆರೋಪಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಂಡು ಕೆಲವು ವಿನಂತಿಗಳನ್ನಷ್ಟೇ ಮಾಡುತ್ತೇನೆ. ಅಲ್ಲಿಯೂ ಬೆಳಿಗ್ಗೆ ಐದಕ್ಕೆ ಅವ್ವನಿಗೆ ಎಚ್ಚರವಾಗುತ್ತದೆ. ಕಾಲು ಕೆಳಗಿಡುವ ಮೊದಲೇ ದಯವಿಟ್ಟು ಬಾಗಿಲ ಹೊರಗೆ ಮೊಣಕಾಲುದ್ದ ಹಿಮ ಸುರಿಸಿ. ಹೋಟೆಲಿನ ಹುಡುಗರು ಟೀ ತಂದಾಗ ಇವಳು ಎದ್ದು ಅವರಿಗೇ ಲೋಟ ತೊಳೆದುಕೊಡಲು ಹೊರಟರೆ, ಅಲ್ಲಿನ ನಲ್ಲಿಗಳನ್ನೆಲ್ಲ ಹೆಪ್ಪುಗಟ್ಟಿಸಿ. ಆರನೆಯ ದಿನ ಅವಳು ಗೊಂಪದ ಮೆಟ್ಟಿಲು ಹತ್ತಿ ಬುದ್ಧನ ಮುಂದೆ ಕೂತಾಗ, ನಮಗಾಗಿ ಏನನ್ನೂ ಬೇಡಿಕೊಳ್ಳದಂತೆ ನೋಡಿಕೊಳ್ಳಿ, ನಮ್ಮದೆಲ್ಲ ಇದ್ದದ್ದೇ. ಕೊನೆಯದಾಗಿ, ಸಾಧ್ಯವಿದ್ದರೆ ಚನ್ನರಾಯಪಟ್ಟಣದಲ್ಲಿ ತಮ್ಮದೊಂದು ಶಾಖೆ ತೆರೆಯಿರಿ, ವಾರಕ್ಕೆ ಅರ್ಧ ದಿನವಾದರೂ ಸಾಕು. ಜಾಗ ನಾವು ಕೊಡುತ್ತೇವೆ. ನಮ್ಮನ್ನು ಎಲ್ಲಿ ಇಡುವುದೆಂಬುದನ್ನು ಮಾತ್ರ ತಾವೇ ಯೋಚಿಸಬೇಕು.

ತಮ್ಮನ್ನು ದೆಹಲಿಯವರೆಗೆ ಮಾತ್ರ ಹಿಂಬಾಲಿಸಲು ಅನುಮತಿ ಪಡೆದಿರುವ,
ತಮ್ಮ ವಿಶ್ವಾಸಿ,
ಅರುಣ್‌ಕುಮಾರ್
ಚನ್ನರಾಯಪಟ್ಟಣ

ಮರೆತ ಮಾತು: ನಿನ್ನೆ ಟಿಕೆಟ್ಟಿಗೆಂದು ಪ್ರವಾಸದ ಆಫೀಸಿಗೆ ಹೋದಾಗ, ನಾವು ಮೊದಲೇ ತುಂಬಿಕೊಟ್ಟಿದ್ದ ಅರ್ಜಿಗಳನ್ನು ಅವರು ತೋರಿಸಿದರು. ಅವ್ವನ ಅರ್ಜಿಯಲ್ಲಿ ‘ಉದ್ಯೋಗ’ ಎಂಬಲ್ಲಿ ‘ಇಲ್ಲ, ಮನೆಯಲ್ಲಿ ವಿಶ್ರಾಂತಿ’ ಎಂದು ಬರೆದಿದೆ. ತಮ್ಮ ಹೆಸರನ್ನು ತಮ್ಮ ಅಪ್ಪಣೆಯಿಲ್ಲದೆ ಹೀಗೆ ಬಳಸಿದವರ ಮೇಲೆ ತಾವು ಕಠಿಣ ಕ್ರಮ ಕೈಗೊಳ್ಳುವುದಾದರೆ ಹುಡುಕಾಟದ ಶ್ರಮ ಬೇಡ. ಕೈಬರಹ ನನ್ನದು.