ಬೀಗರ ಚಾರಣ

ಎಲ್ಲದಕ್ಕೂ ಕಾರಣ ಹಂಪಯ್ಯನ ಬಾಯಿ. ಮೆಹದಿಪಟ್ಟಣಂನ ಆ ಗಲ್ಲಿಯಲ್ಲಿ ಯಾರ ಮಗಳಿಗೆ ಗಂಡು ಬೇಕಾದರೂ ಹಂಪಯ್ಯ ಕರೆಯದೆಯೇ ಬರುತ್ತಾನೆ, ಚಹಾ ಕುಡಿಯುತ್ತಾನೆ, ಸುಳ್ಳು ಹೇಳುತ್ತಾನೆ. ಪಕ್ಕದ ಮನೆಯ ವೈಜನಾಥನ ಮಗಳು ವಿಜಯಶ್ರೀಗೆ ಗಂಡು ತಂದಾಗಲೂ ಅಷ್ಟೇ. ಗಂಡಿನ ತಂದೆ ಗುರುಸಿದ್ದಪ್ಪನವರ ಎದುರು, "ನಮ್ಮ ವೈಜಣ್ಣಾರು ದಿನಾ ಮುಂಜಾನೆ ಗೋಲ್ಕೊಂಡಾ ಕೋಟಿ ಹತ್ತಿ ಇಳೀತಾರ್ರಿ. ಹುಲಿ ಅದಾರ, ಹುಲಿ!" ಅಂದುಬಿಟ್ಟ.

"ಹೌದೇನ್ರಿ? ನಾನೂ ಗುಡ್ಡಾ ಹತ್ತಾಂವನ" ಎಂದರು ಗುರುಸಿದ್ದಪ್ಪ. "ಐತವಾರ ನಿಮ್ಮ ಕಾಲನಿಯವ್ರು ಅನಂತಗಿರಿ ಗುಡ್ಡಕ್ಕ ಹೊಂಟಾರಂತಲ್ಲ, ನಾನೂ ಬರ್ತೀನಿ. ಬೀಗರು ಕೂಡೇ ನಡಿಯೋಣು."

ವೈಜನಾಥ ನಕ್ಕ. ನಗದೆ ಏನು ಮಾಡಿಯಾನು? ಹೋದ ವರ್ಷ ಅವನ ಎದೆಗೆ ಸ್ಟೆಂಟ್ ಹಾಕಿದ್ದರು. ಆ ಸುದ್ದಿ ಹಬ್ಬಿ ಮಗಳಿಗೆ ಬಂದ ಎರಡು ಸಂಬಂಧ ಮುರಿದಿದ್ದವು. "ಮನಿತನದಾಗ ಎದೀ ರೋಗ ಐತಿ" ಎಂದು ಎದ್ದು ಹೋದವರು ಮುಂದಿಟ್ಟ ಚಹಾ ಕೂಡ ಮುಟ್ಟಿರಲಿಲ್ಲ. ಈ ಸಲ ವಿಜಯಶ್ರೀಗೆ ಹುಡುಗ ಶಿವಪ್ರಕಾಶ ಮನಸ್ಸಿಗೆ ಬಂದಿದ್ದ. ಎಂದೂ ಹಾಡದ ಹುಡುಗಿ ಪಾತ್ರೆ ತಿಕ್ಕುತ್ತ ಹಾಡತೊಡಗಿದ್ದಳು. ಅದನ್ನು ಕೆಡಿಸುವ ಧೈರ್ಯ ಅಪ್ಪನಿಗಿರಲಿಲ್ಲ.

ಶನಿವಾರ ಕಾಲನಿಯ ವಾಟ್ಸಾಪ್‌ಗೆ ಸೂಚನೆ ಬಂತು. ಪಳಗಿದ ಹಳೇ ಬೂಟು ಹಾಕಿಕೊಳ್ಳಿ, ಸಾಕಷ್ಟು ನೀರು ತನ್ನಿ, ತಲೆಗೆ ಟೋಪಿ ಇರಲಿ, ಕಾಯಿಲೆ ಇದ್ದವರು ಮೊದಲೇ ತಿಳಿಸಿ.

"ಹಳೇ ಬೂಟ್ ಹಾಕ್ಕೊಂಡು ಬೀಗರ ಮುಂದ ನಿಂದ್ರತೀರೇನು? ಮರ್ಯಾದಿ ಬ್ಯಾಡಾ?" ಎಂದು ಹಂಪಯ್ಯ ಅವನನ್ನು ಅಬಿಡ್ಸ್‌ಗೆ ಎಳೆದುಕೊಂಡು ಹೋದ. ಅಂಗಡಿ ಅಂಗಡಿ ಅಲೆಸಿ ಕೊನೆಗೆ ಬೆರಳು ಹಿಂಡುವ ಹೊಸ ಬೂಟು ಕೊಡಿಸಿದ. "ನಡದ್ರ ತಾನ ಸಡ್ಲ ಆಗ್ತಾವ ತಗೋರಿ." ಔಷಧಿ ಅಂಗಡಿಗೆ ಹೋಗಬೇಕಿದ್ದ ಹೊತ್ತು ಬೂಟಿಗೇ ಮುಗಿಯಿತು.

ಭಾನುವಾರ ಬೆಳಿಗ್ಗೆ ಹೆಂಡತಿ ಶಾರದಾಬಾಯಿ ಬೀಗರಿಗೂ ಸಾಲುವಷ್ಟು ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿದಳು. "ಕಾಯಿಲೆ ಇದ್ದವ್ರು ಹೇಳ್ರಿ ಅಂದಾರಲ್ರಿ" ಎಂದಳು.

"ನನಗೇನಾಗೇತಿ?"

ಅವಳು ಕಾಗದದಲ್ಲಿ ಸುತ್ತಿದ ಗುಳಿಗೆಯೊಂದನ್ನು ಅವನ ಜೇಬಿಗೆ ತುರುಕಿದಳು. "ಇದೊಂದ ಉಳದೈತಿ. ಎದಿ ಹಿಡದ್ರ ನಾಲಿಗಿ ಕೆಳಗ ಇಟ್ಕೋರಿ. ಯಾರೂ ನೋಡಲಾರದಂಗ."

ಅನಂತಗಿರಿಯ ಏರು ಸುರುವಾಗುತ್ತಲೇ ಇಬ್ಬರು ಬೀಗರು ಎಲ್ಲರನ್ನೂ ಹಿಂದೆ ಹಾಕಿದರು. ವೈಜನಾಥನ ಹಿಮ್ಮಡಿ ಸುಲಿದು ಕಾಲುಚೀಲ ಅಂಟಿಕೊಂಡಿತ್ತು. ಗುರುಸಿದ್ದಪ್ಪನವರ ಅಂಗಿ ಬೆವರಲ್ಲಿ ತೊಯ್ದಿತ್ತು.

"ದಣಿವಾಗಿದ್ರ ಕೂಡೂಣೇನ್ರಿ?" ಎಂದರು ಅವರು.

"ನನಗೇನಿಲ್ರಿ. ನಿಮಗ ಆಗಿದ್ರ ಕೂಡೂಣು."

"ಛೇ, ನನಗೇನಾಗೇತ್ರಿ!"

ಮತ್ತೆ ನಡೆದರು. ಕೆಳಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಹಂಪಯ್ಯ, "ನೋಡ್ರಿ, ಹೆಂಗ ಹೊಂಟಾರ ನಮ್ಮ ಹುಲಿಗೋಳು!" ಎಂದು ಕೂಗಿದ.

ವೈಜನಾಥನ ಎಡಭುಜ ಸೆಳೆಯತೊಡಗಿತು. ಎದೆಯ ಮೇಲೆ ಯಾರೋ ಒರಳು ಇಟ್ಟಂತಾಯಿತು. "ಒಂದ್ನಿಮಿಷ ಬಂದ್ನಿರಿ" ಎಂದು ಪೊದೆಯ ಹಿಂದೆ ಸರಿದು ಕಾಗದ ಬಿಚ್ಚಿದ. ಅಷ್ಟರಲ್ಲಿ ಆಚೆ ಧಡ್ ಎಂದು ಸದ್ದಾಯಿತು.

ಗುರುಸಿದ್ದಪ್ಪ ಬಂಡೆಯ ಮೇಲೆ ಬಿದ್ದಿದ್ದರು, ಕೈ ಎದೆಯ ಮೇಲೆ. ಆ ಮುಖ ಏನು ಹೇಳುತ್ತಿದೆಯೆಂದು ವೈಜನಾಥನಿಗೆ ಯಾರೂ ತಿಳಿಸಬೇಕಿರಲಿಲ್ಲ. ಇರುವುದೊಂದೇ ಗುಳಿಗೆ. ತಾನು ತೆಗೆದುಕೊಂಡರೆ ಗುಟ್ಟೂ ಮಗಳ ಮದುವೆಯೂ ಉಳಿದಾವು, ಬೀಗರು ಉಳಿಯಲಿಕ್ಕಿಲ್ಲ. ಒಂದು ಗಳಿಗೆ, ನಾಚಿಕೆಗೇಡು, ಅವನಿಗೆ ಮಗಳ ಹಾಡೇ ನೆನಪಾಯಿತು. ಆಮೇಲೆ ಗುಳಿಗೆಯನ್ನು ಗುರುಸಿದ್ದಪ್ಪನವರ ನಾಲಿಗೆಯ ಕೆಳಗಿಟ್ಟು, ಅವರ ಪಕ್ಕದಲ್ಲೇ ತಾನೂ ಬಿದ್ದ.

ಕಾಲನಿಯವರು ಇಬ್ಬರನ್ನೂ ಹೊತ್ತು ಇಳಿಸಿದರು. ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚಗಳು ಸಿಕ್ಕವು. ನರ್ಸಮ್ಮ ಗುರುಸಿದ್ದಪ್ಪನವರ ಅಂಗಿ ಬಿಚ್ಚುವಾಗ ಜೇಬಿನಿಂದ ಗುಳಿಗೆಯ ಪಟ್ಟಿಯೊಂದು ಬಿತ್ತು. ಅದೇ ಗುಳಿಗೆ, ಪಟ್ಟಿ ತುಂಬ.

ವೈಜನಾಥ ಕಣ್ಣರಳಿಸಿದ. "ಇಷ್ಟಿದ್ದೂ ಯಾಕ ತಗೊಳ್ಳಲಿಲ್ರಿ?"

"ನೀವು ಬಾಜೂಕ ಇದ್ರೆಲ್ರಿ!" ಗುರುಸಿದ್ದಪ್ಪ ಮೆಲ್ಲಗೆ ಹೇಳಿದರು. "ಹುಲಿಯಂಥಾ ಮನಷ್ಯಾ, ರೋಗಿಷ್ಟನ ಮನಿಗೆ ಮಗಳನ್ನ ಕೊಡ್ತಾನೋ ಇಲ್ಲೋ ಅಂತ ಹೆದರಿದ್ದೆ. ನೀವು ಕಂಟಿ ಹಿಂದ ಹ್ವಾದಾಗ ತಗೀಬೇಕಂತ ಕೈ ಹಾಕಿದ್ನಿ, ಅಷ್ಟರಾಗ ಬಿದ್ದೆ."

ವೈಜನಾಥನಿಗೆ ಎದೆ ನೋಯುವಷ್ಟು ನಗು ಬಂತು. ಇನ್ನು ಮುಚ್ಚಿಡುವುದೇನೂ ಉಳಿದಿಲ್ಲ, ಮದುವೆ ಆದಂತೆಯೇ ಎಂದುಕೊಂಡ.

ಸಂಜೆ ಗುರುಸಿದ್ದಪ್ಪನವರ ಹೆಂಡತಿ ಅಳುತ್ತ ಬಂದು ಅವನಿಗೆ ಕೈಮುಗಿದರು. "ನನ್ನ ಕುಂಕುಮ ಉಳಿಸಿದ್ರಿ ಅಣ್ಣಾರ. ನಿಮ್ಮ ಉಪಕಾರ ಈ ಜನ್ಮದಾಗ ಮರಿಯೂದಿಲ್ಲ."

"ಅದೇನ್ ಬಿಡ್ರಿ ಅಕ್ಕಾರ. ಮುಂದ ಮದವಿ ಮಾತು..."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸಿಟ್ಟಾಗಬ್ಯಾಡ್ರಿ. ದವಾಖಾನಿಗೆ ಓಡಾಡಾಕ ನಮ್ಮ ಶಿವಪ್ರಕಾಶಗ ಇವ್ರೊಬ್ರ ಸಾಕ್ರಿ. ಮಾವನ ಮನ್ಯಾಗರ ಗಟ್ಟಿ ಮಂದಿ ಬೇಕು."

ಗುರುಸಿದ್ದಪ್ಪ ಗೋಡೆಯ ಕಡೆ ಮಗ್ಗಲಾದರು.

ವೈಜನಾಥನ ಫೋನು ರಿಂಗಾಯಿತು. ಮನೆಗೆ ಯಾರೂ ಏನೂ ತಿಳಿಸಕೂಡದೆಂದು ಅವನು ಕಾಲನಿಯವರಿಂದ ಮೊದಲೇ ಆಣೆ ಮಾಡಿಸಿದ್ದ. "ಬೀಗರು ಏನಂದ್ರು?" ಎಂದಳು ಶಾರದಾಬಾಯಿ. ಅವಳ ಹಿಂದೆ ಪಾತ್ರೆಯ ಸದ್ದು, ಜೊತೆಗೆ ವಿಜಯಶ್ರೀಯ ಹಾಡು. "ಬಂದ ಮ್ಯಾಲೆ ಹೇಳ್ತೀನಿ" ಎಂದು ವೈಜನಾಥ ಫೋನು ಕೆಳಗಿಟ್ಟ.

ಬಾಗಿಲಲ್ಲಿ ಹಂಪಯ್ಯ ನಿಂತಿದ್ದ. ಉಳಿದ ರೊಟ್ಟಿಯೊಂದನ್ನು ಅಗಿಯುತ್ತ ಹತ್ತಿರ ಬಂದು ಕಿವಿಯಲ್ಲಿ ಹೇಳಿದ:

"ಹೋಗ್ಲಿ ಬಿಡ್ರಿ ವೈಜಣ್ಣಾ. ಇನ್ನೊಂದ್ ಚಲೋ ಮನಿತನ ಐತಿ, ಈಗ ಫೋನ್ ಮಾಡಿದ್ನಿ. ನೀವು ಕೆರಿಯಾಗ ಭಾಳ ಚಂದ ಈಸ್ತೀರಿ ಅಂತ ಹೇಳೀನಿ."