ದರ್ಜಿಯ ಆಯಸ್ಸಿನ ಅಳತೆ

ಕೆಮ್ಮು ಯಾರಿಗೆ ತಾನೇ ಬರುವುದಿಲ್ಲ? ಆದರೆ ದರ್ಜಿಗೆ ಬಂದದ್ದು ಎರಡು ತಿಂಗಳಿನಿಂದ ಮುಚ್ಚಿದ್ದ ಅಂಗಡಿಯ ಬಾಗಿಲು ತೆರೆದ ಕಾಲು ಗಂಟೆಗೆ, ಬೀದಿಯವರೆಲ್ಲ ಹಾಲು ಪೇಪರು ಅಂತ ಓಡಾಡುವ ಹೊತ್ತಿನಲ್ಲಿ.

ಬೈಪಾಸ್ ಆಪರೇಷನ್ನಿನಲ್ಲಿ ಅವನ ಎದೆಯ ಮೂಳೆ ಸೀಳಿ, ತಂತಿ ಹಾಕಿ ಬಿಗಿದಿದ್ದರು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು, ಇಲ್ಲದಿದ್ದರೆ ಹೊಲಿಗೆ ಜಗ್ಗುತ್ತದೆ ಎಂದು ನರ್ಸಮ್ಮ ಹೇಳಿ ಕಳಿಸಿದ್ದಳು. ಹೊಲಿಗೆಯ ಮಾತನ್ನು ದರ್ಜಿ ತಳ್ಳಿಹಾಕುವುದುಂಟೇ? ಮೆಷಿನ್ನಿನ ಪಕ್ಕದಲ್ಲಿದ್ದ ದಿಂಬನ್ನು ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ, ನಾಲ್ಕು ಸಲ ಕೆಮ್ಮಿದ. ಕಣ್ಣು ಬಿಟ್ಟರೆ ಎದುರಿಗೆ ಶೇಕಡಾ ಮಾಮ.

ಈತ ಮಹಡಿ ಮನೆಯ ನಿವೃತ್ತ ಗುಮಾಸ್ತ. ಮಳೆಯಿಂದ ಮರಣದವರೆಗೆ ಎಲ್ಲವನ್ನೂ ‘ನೂರಕ್ಕೆ ಇಷ್ಟು’ ಎಂದು ಹೇಳದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

“ಏನ್ ಮಾಸ್ಟ್ರೇ, ಎದೆ ಹಿಡ್ಕೊಂಡ್ಬಿಟ್ರಿ?”

“ಬರೀ ಕೆಮ್ಮು ಮಾಮ.”

“ಹೆದರ್ಬೇಡಿ. ಬೈಪಾಸ್ ಆದೋರಲ್ಲಿ ನೂರಕ್ಕೆ ಎಪ್ಪತ್ತೈದು ಜನ ಹತ್ತು ವರ್ಷ ದಾಟ್ತಾರೆ.”

ಇಷ್ಟು ಧೈರ್ಯ ಹೇಳಿ ಬೀದಿಗಿಳಿದ. ಒಳ್ಳೆಯ ಸುದ್ದಿ ಕುಂಟುತ್ತದೆ, ಕೆಟ್ಟದ್ದಕ್ಕೆ ನಾಲ್ಕು ಕಾಲು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಎಪ್ಪತ್ತೈದು ಎಲ್ಲೋ ಉದುರಿಹೋಗಿ, ಉಳಿದ ಇಪ್ಪತ್ತೈದು ದರ್ಜಿಯ ಬೆನ್ನಿಗೆ ಅಂಟಿಕೊಂಡಿತ್ತು.

ಮೊದಲು ಬಂದವಳು ಇಸ್ತ್ರಿ ಅಂಗಡಿಯ ಅಕ್ಕ. “ಅಣ್ಣಾ, ನನ್ನ ಪರದೆ ಬಟ್ಟೆ ವಾಪಸ್ ಕೊಡು. ನಿನಗ್ಯಾಕೆ ತೊಂದ್ರೆ?”

“ತೊಂದ್ರೆ ಏನ್ ಬಂತು? ಶನಿವಾರ ಬಾ ಅಕ್ಕಾ, ಹೊಲ್ದಿಟ್ಟಿರ್ತೀನಿ.”

“ಶನಿವಾರ ನಾನೇನೋ ಬರ್ತೀನಿ. ನೀನು...” ಎಂದವಳು ನಾಲಿಗೆ ಕಚ್ಚಿಕೊಂಡಳು.

ಹಿಂದೆಯೇ ಶಾಲೆಯ ಮೇಷ್ಟ್ರು ಬಂದರು. “ನಂಬಿಕೆ ಇಲ್ಲ ಅಂತಲ್ಲ ಮಾಸ್ಟ್ರೇ. ಒಬ್ರು ಕತ್ತರಿ ಹಾಕಿದ ಬಟ್ಟೇನ ಇನ್ನೊಬ್ಬ ಟೈಲರ್ ಮುಟ್ಟಲ್ಲ ನೋಡಿ. ನೀವು ಅರ್ಧಕ್ಕೇ ಹೋಗ್ಬಿಟ್ರೆ ನನ್ನ ಪ್ಯಾಂಟಿನ ಗತಿ ಏನು?”

ಆರೋಗ್ಯವಾಗಿದ್ದಾಗ ದರ್ಜಿ ವರ್ಷಗಟ್ಟಲೆ ‘ನಾಳೆ ಬನ್ನಿ’ ಎಂದರೂ ಕಾದ ಜನವೇ ಇದು. ಆಸ್ಪತ್ರೆಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತು ಬಕೆಟ್ಟುಗಟ್ಟಲೆ ಕಣ್ಣೀರು ಸುರಿಸಿದವರೂ ಇವರೇ. ಈಗ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಎದ್ದು ಬಂದು, ತಂತಮ್ಮ ಬಟ್ಟೆ ಕಂಕುಳಿಗಿಟ್ಟುಕೊಂಡು, “ಆರೋಗ್ಯ ನೋಡ್ಕೊಳ್ಳಿ” ಎಂದು ಹರಸಿ ಹೋದರು. ಹತ್ತು ಗಂಟೆಗೆ ಕಪಾಟು ಬೋಳುತಲೆಯಾಗಿತ್ತು.

ಅಂಗಡಿಗೆ ಬಂದು ನೋಡಿದ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. “ರೀ, ದಿಂಬೊಂದು ಉಳಿದಿದೆ. ಅದನ್ನೂ ಕೇಳ್ಕೊಂಡು ಯಾರಾದ್ರೂ ಬರ್ತಾರಾ ನೋಡಿ.”

“ಗಟ್ಟಿಯಾಗಿದ್ದೀನಿ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಬರ್ತೀನಿ ಕಣೇ. ಗಾಜು ಹಾಕ್ಸಿ ಇಲ್ಲೇ ತಗಲಿಸ್ತೀನಿ. ಆಗ ನೋಡು, ಹೊತ್ಕೊಂಡು ಹೋದೋರೆಲ್ಲ ಹೊತ್ಕೊಂಡೇ ಬರ್ತಾರೆ.”

“ಬರದಿದ್ರೆ?”

“ಬರದಿದ್ರೆ ಕತ್ತರಿ ಹಿಡಿಯೋ ಕೈಯಲ್ಲಿ ನೊಣ ಓಡಿಸ್ಕೊಂಡು ಕೂರ್ಬೇಕು. ಅದಕ್ಕಿಂತ ಆ ಆಪರೇಷನ್ ಟೇಬಲ್ಲೇ ವಾಸಿಯಿತ್ತು.”

ದಾರಿಯಲ್ಲಿ ಕೆಮ್ಮು ಬಂದರೆ ಇರಲಿ ಎಂದು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಟ. ಕಂಡವರೆಲ್ಲ ಮೆರವಣಿಗೆಗೆ ಬಿಡುವ ಹಾಗೆ ದಾರಿ ಬಿಟ್ಟರು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದ. “ಮತ್ತೆ ಅಡ್ಮಿಟ್ಟಾ ಮಾಸ್ಟ್ರೇ? ದಿಂಬು ಅವ್ರೇ ಕೊಡ್ತಾರಲ್ಲ!”

ಆಪರೇಷನ್ ಮಾಡಿದ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಇ.ಸಿ.ಜಿ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಫಸ್ಟ್ ಕ್ಲಾಸ್! ಮಾತ್ರೆ ತಪ್ಪಿಸ್ಬೇಡಿ, ದಿನಾ ನಡೀರಿ, ಬೀಡಿ ಕಡೆ ತಿರುಗೀನೂ ನೋಡ್ಬೇಡಿ. ಇನ್ನು ಇಪ್ಪತ್ತು ವರ್ಷ ಆರಾಮಾಗಿ ಕತ್ತರಿ ಆಡಿಸ್ತೀರಿ.”

“ಅದನ್ನೇ ಬರ್ದುಕೊಡಿ ಸಾರ್. ಸೀಲ್ ದಪ್ಪಗೆ ಬೀಳ್ಲಿ.”

ಬೆಳಗಿನ ಕತೆ ಕೇಳಿದ ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. “ಎಂಥಾ ದಡ್ಡ ಜನ! ಓದಿದೋರೂ ಹೀಗೇ ಮಾಡಿದ್ರಾ?”

“ಮೇಷ್ಟ್ರೇ ಎರಡನೆಯೋರು ಸಾರ್.”

“ನಾಚಿಕೆಯಾಗ್ಬೇಕು ಅವ್ರಿಗೆ!” ಎನ್ನುತ್ತ ಡಾಕ್ಟರು ‘ಕೆಲಸಕ್ಕೆ ಸಂಪೂರ್ಣ ಯೋಗ್ಯ’ ಎಂದು ಬರೆದು, ಮೇಜು ನಡುಗುವ ಹಾಗೆ ಸೀಲು ಗುದ್ದಿದರು.

ಹಿಗ್ಗಿನಲ್ಲಿ ದರ್ಜಿಗೆ ನೆಲವೇ ಕಾಣಲಿಲ್ಲ. ಕಾಗದವನ್ನು ಕಣ್ಣಿಗೊತ್ತಿಕೊಂಡು ಬಾಗಿಲ ತನಕ ಹೋಗಿದ್ದ. ಡಾಕ್ಟರು ಎದ್ದು ಬಂದು, ಹೊರಗೆ ಯಾರಿದ್ದಾರೆಂದು ಇಣುಕಿ, ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

“ಮಾಸ್ಟ್ರೇ, ಆಪರೇಷನ್ ಹಿಂದಿನ ದಿನ ಹಾಸಿಗೆ ಮೇಲೇ ಕೂತು ನನ್ನ ಕೋಟಿಗೆ ಅಳತೆ ತೆಗೊಂಡಿದ್ರಲ್ಲ... ಆ ಬಟ್ಟೆ?”

“ಭದ್ರವಾಗಿದೆ ಸಾರ್! ಮನೇಲಿ, ಪೆಟ್ಟಿಗೆ ಒಳಗೆ. ಹೋದ ತಕ್ಷಣ ಕತ್ತರಿ ಹಾಕ್ತೀನಿ.”

“ಅಯ್ಯಯ್ಯೋ, ಹಾಕ್ಬೇಡಿ!” ಡಾಕ್ಟರು ಅವನ ಕೈಯನ್ನೇ ಹಿಡಿದುಕೊಂಡರು. “ಸಂಜೆ ಡ್ರೈವರನ್ನ ಕಳಿಸ್ತೀನಿ, ಹಾಗೇ ಮಡಚಿ ಕೊಟ್ಬಿಡಿ. ನಿಮ್ಮ ಹೃದಯಕ್ಕೆ ನಾನು ಜವಾಬ್ದಾರಿ ಮಾಸ್ಟ್ರೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಬಟ್ಟೆ ಬಹಳ ಒಳ್ಳೇದು.”