ಗ್ರೀಕರು ಕೊಟ್ಟ ಬಿರುದು

ಮಗು ಒಂದು ಸೀನು ಸೀನಿದರೆ ಹಿರಿಯೂರಿನ ಡಾಕ್ಟರಿಗೆ ಫೋನ್ ಮಾಡುವವಳು ನಾನು. ಸಿಟಿಯಲ್ಲಿ ಓದಿದ್ದು ಸಾರ್ಥಕವಾಗಲೆಂದು, ಶಿಶುಪಾಲನೆಯ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಓದಿದ್ದೇನೆ. ಇಂಥ ವಿದುಷಿಯ ಮಗಳು, ಮೂರು ವರ್ಷದ ಬಿಂದು, ಮೊನ್ನೆ ಧರ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದ ನನ್ನ ಮಾವನವರಿಗೆ, "ತಾತ, ನೀನು ಈಡಿಯಟ್!" ಎಂದುಬಿಟ್ಟಳು. ಕಾಳನ್ನು ಬುಟ್ಟಿಗೆ ಹಾಕುವ ಬದಲು ಬಾಯಿಗೆ ಹಾಕಿಕೊಂಡದ್ದು ಅವರ ಅಪರಾಧ.

ಆ ಮಾತಿನ ಅರ್ಥ ತಿಳಿಯದಷ್ಟು ಮುಗ್ಧರಲ್ಲ ಮಾವ ಎತ್ತಪ್ಪನವರು. ಅದಕ್ಕಿಂತ ದೊಡ್ಡ ಭಯ, ಕೂಸು ಅದನ್ನು ಕಲಿತದ್ದೆಲ್ಲಿ ಎಂಬ ತನಿಖೆಯದು. (ಅವರ ಮಗ, ಅಂದರೆ ನನ್ನ ಗಂಡ ರಂಗೇಶನನ್ನು ನಾನು ಕರೆಯುವುದೇ ಹಾಗೆ. ಬಾಗಿಲು ಹಾಕಿಕೊಂಡೇ ಕರೆಯುತ್ತೇನೆ, ಸಂಸ್ಕಾರ ಬೇಡವೇ?)

"ಏನವ್ವಾ, ಕೂಸಿಗೆ ಈ ಮಾತು ಕಲ್ಸಿದ್ದು ಯಾರು?"

"ಬೈಗುಳ ಅಲ್ಲ ಮಾವ!" ಎಂದು ಫೋನ್ ತೆಗೆದು ತಡಕಾಡಿದೆ. ದೇವರು ದೊಡ್ಡವನು! "ನೋಡಿ, ಇದು ಗ್ರೀಕ್ ಮಾತು. ಊರ ಸಭೆ, ಅಧಿಕಾರ ಅಂತ ಹೋಗದೆ ತನ್ನ ಮನೆ ಕೆಲಸ ತಾನು ನೋಡಿಕೊಂಡು ಇರೋನಿಗೆ ಹಾಗಂತಿದ್ರು. ಅಲ್ಲಿಂದ ಲ್ಯಾಟಿನ್ನಿಗೆ ಹೋಯ್ತು, ಫ್ರೆಂಚಿಗೆ, ಜರ್ಮನ್ನಿಗೆ... ಇಡೀ ಯೂರೋಪೇ ಹಾಗನ್ನುತ್ತೆ!"

(ದಾರಿಯಲ್ಲಿ ಆ ಪದ ಕೆಟ್ಟುಹೋದ ಕಥೆಯ ಸಾಲನ್ನು ಬೆರಳಿಂದ ಮುಚ್ಚಿ ಹಿಡಿದಿದ್ದೆ.)

ಮಾವ ಮೀಸೆ ಸವರಿದರು. "ಹಂಗಾರೆ ದಿಟವೇ ಬಿಡು. ನಾನು ಒಂದಿನಾನೂ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತೋನಲ್ಲ."

"ಅಪ್ಪಾನೂ ಈಡಿಯಟ್! ಅಮ್ಮ ದಿನಾ ಹೇಳ್ತಾಳೆ," ಎಂದಳು ಬಿಂದು.

ನೆಲ ಬಾಯಿಬಿಡಲಿ ಎಂದು ಬೇಡಿಕೊಂಡೆ. ಹೊಸ ಟೈಲ್ಸು, ಬಿಡಲಿಲ್ಲ.

ಪಾತ್ರೆ ತೊಳೆಯುತ್ತಿದ್ದ ರಂಗೇಶ್ ಕೈ ಒರೆಸಿಕೊಳ್ಳುತ್ತ ಬಂದ. "ಅಪ್ಪಾ, ಪಾತ್ರೆ ನಾನೇ ತೊಳಿತೀನಿ, ಬಟ್ಟೆ ನಾನೇ ಒಣಗ್ಸ್ತೀನಿ. ಬಿರುದು ಸುಮ್ನೆ ಬಂತಾ?"

"ಭಾಳ ಹೊಗಳ್ತಾಳೆ ಬಿಡಲೇ," ಎಂದ ಮಾವ ನನ್ನತ್ತ ತಿರುಗಿದರು. "ಅಲ್ಲವ್ವಾ, ಮನೆ ಬಿಟ್ಟು ಊರ ಕೆಲ್ಸಕ್ಕೆ ಹೋಗೋರ್ನ ಆ ದೇಶದಾಗೆ ಏನಂತಿದ್ರು?"

"ಅವರೆಲ್ಲ ಗಣ್ಯರು ಮಾವ," ಎಂದೆ, ಎದುರಿಗಿದ್ದ ಗುಂಡಿ ಕಾಣದೆ.

ಮಾವ ಮಡಿಲಿನ ಸಿಪ್ಪೆ ಕೊಡವಿ ಎದ್ದರು. "ಲೇ ರಂಗೇಶ, ಹೋಗಾಣ ನಡಿ. ಇಷ್ಟು ವಯಸ್ಸಾತು, ಇನ್ನಾದ್ರೂ ಗಣ್ಯರಾಗಾಣ."

"ಮಾವ, ಶೇಂಗಾ? ಪಾತ್ರೆ?"

"ಮನೆ ಕೆಲ್ಸಕ್ಕೆ ಒಬ್ರಾದ್ರೂ ಈಡಿಯಟ್ ಬೇಕಲ್ಲವ್ವಾ. ಇಡೀ ಯೂರೋಪು ಒಪ್ಪೈತೆ ಅಂತ ನೀನೇ ಅಂದೆ."

ಅಪ್ಪ, ಮಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಲೋಕೋದ್ಧಾರದ ಗಾಂಭೀರ್ಯದಲ್ಲಿ ಅರಳಿಕಟ್ಟೆಯತ್ತ ಹೊರಟರು. ನಾನು ಸೋಪಿನ ನೊರೆ ಆರುತ್ತಿದ್ದ ಪಾತ್ರೆಗಳನ್ನೊಮ್ಮೆ, ಶೇಂಗಾ ಮೂಟೆಯನ್ನೊಮ್ಮೆ ನೋಡಿ, ನೆಲದ ಮೇಲೆ ಕುಳಿತೆ. ಗ್ರೀಕ್ ಗಣ್ಯರು ಸಭೆಗೆ ಹೋದಾಗ ಅವರ ಮನೆಯ ಕಾಳು ಹಸನು ಮಾಡುತ್ತಿದ್ದವರು ಯಾರೆಂದು ಈಗ ಯಾವ ನಿಘಂಟನ್ನೂ ನೋಡದೆ ಹೇಳಬಲ್ಲೆ.